ಪಾಯಿಂಟ್ ನಾಲ್ಕು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತುವಾಗ ಆಕೆಗೆ ಆ ಫೋನು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ವೈದ್ಯಕೀಯ ಸಂಶೋಧನಾ ಪತ್ರಿಕೆಗಳ ಪ್ರಭಾವ ಅಳೆಯುವ ಕಚೇರಿಯಲ್ಲಿ ಆಕೆಗೆ ಕೆಲಸ. ಇಂಥ ಸಪ್ಪೆ ಕೆಲಸಕ್ಕೂ ಕೊಲೆಬೆದರಿಕೆ ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಫೋನಲ್ಲಿ ಏನಂದ? ಅವನಂದ ಹಾಗೇ ಹೇಳಿ," ಎಂದರು ಇನ್‌ಸ್ಪೆಕ್ಟರ್.

"'ಪಾಯಿಂಟ್ ನಾಲ್ಕು ಅಂತ ಪ್ರಕಟಿಸಿ ನೋಡು. ಹಳದಿ ಛತ್ರಿ ಹಿಡ್ಕೊಂಡು ಸ್ಕೂಲಿಗೆ ಹೋಗೋ ಮಗಳು ವಾಪಸ್ ಬರಲ್ಲ' ಅಂದ."

FIR ದಾಖಲಾಯಿತು. ಕರೆ ಬಂದದ್ದು ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದ ಫೋನಿನಿಂದ ಎಂದು ಮಧ್ಯಾಹ್ನದೊಳಗೆ ತಿಳಿಯಿತು. ಅಲ್ಲಿ ಜನ ಜಾತ್ರೆಯಂತೆ ನೆರೆಯುತ್ತಾರೆ, ಯಾರನ್ನೆಂದು ಹಿಡಿಯುವುದು? ಮಗಳನ್ನು ಶಾಲೆಯಿಂದ ಕರೆಸಿ ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡಳು. ಬಾಗಿಲು ಸದ್ದಾದಾಗಲೆಲ್ಲ ಅವಳ ಕೈ ಮಗಳ ಭುಜಕ್ಕೆ ಹೋಗುತ್ತಿತ್ತು.

"ಈ ಪಾಯಿಂಟ್ ನಾಲ್ಕು ಏನಮ್ಮಾ?"

"ಪತ್ರಿಕೆಯ ಹಿಂದಿನ ಎರಡು ವರ್ಷದ ಲೇಖನಗಳನ್ನ ಬೇರೆ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದಾರೆ ಅಂತ ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸ್ತೀವಿ ಸರ್. ಅದೇ ಪ್ರಭಾವ. ಪಾಯಿಂಟ್ ನಾಲ್ಕು ಅಂದ್ರೆ ಕೇಳೋರೇ ಇಲ್ಲ ಅಂತ."

"ಈ ಸಲ ಯಾವ ಪತ್ರಿಕೆಗೆ ಅಷ್ಟು?"

"ಯಾವುದಕ್ಕೂ ಇಲ್ಲ..." ಎಂದವಳು ಥಟ್ಟನೆ ಎದ್ದು ನಿಂತಳು. "ಪ್ರಕಟಿಸೋ ಮುಂಚೆ ಆಯಾ ಸಂಪಾದಕರಿಗೆ ಅವರ ಅಂಕಿ ಕಳಿಸಿ ಒಪ್ಪಿಗೆ ಕೇಳ್ತೀವಿ. ಒಂದು ಕಂತಿನ ಉಲ್ಲೇಖ ಸೇರಿಸೋದು ಬಿಟ್ಟುಹೋಗಿ ಒಬ್ಬ ಸಂಪಾದಕರಿಗೆ ಮಾತ್ರ ಪಾಯಿಂಟ್ ನಾಲ್ಕು ಅಂತ ತಪ್ಪು ಕಳಿಸಿದ್ದೆ. ಆಮೇಲೆ ಪಾಯಿಂಟ್ ಆರು ಅಂತ ತಿದ್ದಿದೆ. ಅವರಿಗೆ ತಿಳಿಸೋದು ಮರೆತೆ."

"ನಾಲ್ಕು ಯಾರ್ಯಾರಿಗೆ ಗೊತ್ತು?"

"ನನಗೆ. ಅವರಿಗೆ."

ಸಂಜೆ ನಾಲ್ಕೂವರೆಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಹಳೆಯ ಕಟ್ಟಡದ ಕೋಣೆಯೊಂದರ ಬಾಗಿಲು ತಟ್ಟಿದರು. ಮಗಳನ್ನು ಠಾಣೆಯಲ್ಲೇ ಬಿಟ್ಟು ಧ್ವನಿ ಗುರುತಿಸಲು ಬಂದ ಆಕೆ ಮಹಿಳಾ ಕಾನ್‌ಸ್ಟೆಬಲ್ ಬೆನ್ನಿಗೆ ಅಂಟಿಕೊಂಡು ನಿಂತಿದ್ದಳು. ಒಳಗಿದ್ದವರು ಆ ಸಂಪಾದಕರು, ಸಣಕಲು ಮುದಿ ಡಾಕ್ಟರು. ಗೋಡೆಯ ನಕ್ಷೆಯಲ್ಲಿ ಅವರ ಪತ್ರಿಕೆಯ ಪ್ರಭಾವದ ಗೆರೆ ಮೊದಲ ವರ್ಷಗಳಲ್ಲಿ ಏರಿ, ಆಮೇಲೆ ಒಂದೇ ಸಮನೆ ಇಳಿದಿತ್ತು.

"ಛತ್ರಿ ವಿಷಯ ಹೇಗೆ ಗೊತ್ತಾಯ್ತು?"

"ಇವರ ಹಿಂದೇ ಹೋಗಿ ಸ್ಕೂಲ್ ಗೇಟಿನ ಹತ್ರ ನಿಂತಿದ್ದೆ."

ಅದೇ ಧ್ವನಿ. ಅವಳು ಕಾನ್‌ಸ್ಟೆಬಲ್ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಗುನ ಏನ್ ಮಾಡ್ತಿದ್ರಿ?"

"ಅಯ್ಯೋ, ಹೆದರಿಸೋಕಷ್ಟೇ! ಪಾಯಿಂಟ್ ಐದಕ್ಕಿಂತ ಇಳಿದ್ರೆ ಪತ್ರಿಕೆ ಮುಚ್ತಾರೆ. ಜೀವನವೆಲ್ಲ ಸವೆಸಿದ್ದೀನಿ. ಕೊನೆಗೆ ದಂಡ ಅನ್ನಿಸ್ಕೊಂಡು ಸಾಯ್ಬೇಕಾ?"

ಪಾಯಿಂಟ್ ಆರು ಎಂದು ತಾನು ತಿಳಿಸಿದ್ದರೆ ಈ ಕರೆಯೇ ಬರುತ್ತಿರಲಿಲ್ಲ. ತಪ್ಪು ತನ್ನದೂ ಇತ್ತು. ಭಯ ಮಾತ್ರ ಇಳಿಯಲಿಲ್ಲ.

ದಸ್ತಗಿರಿಯಾಯಿತು. ಕಾನ್‌ಸ್ಟೆಬಲ್ ಪಂಚನಾಮೆ ಬರೆಯುತ್ತ ಕೇಳಿದಳು: "ಸರ್, ಯಾವ ಕಾಯಿಲೆಯ ಪತ್ರಿಕೆ ಅಂತ ಹಾಕ್ಲಿ?"

"ಗಂಟಲಮಾರಿ," ಎಂದರು ಡಾಕ್ಟರು. "ಮಕ್ಕಳನ್ನ ಉಸಿರು ಕಟ್ಟಿಸಿ ಸಾಯ್ಸೋದು. ಆಗೆಲ್ಲ ಒಂದೊಂದು ವಾರ್ಡು ತುಂಬಿರೋದು."

"ಹಂಗಂದ್ರೇನೋ ಗೊತ್ತಿಲ್ಲಪ್ಪ. ನನಗೂ ಎರಡು ಮಕ್ಕಳಿವೆ, ಇಂಥ ಕಾಯಿಲೆ ಹೆಸರೇ ಕೇಳಿಲ್ಲ ನಾನು."

ಡಾಕ್ಟರು ಅವಳನ್ನೇ ನೋಡಿದರು. ಆಮೇಲೆ ಗೋಡೆಯ ಇಳಿದ ಗೆರೆಯನ್ನು ನೋಡಿದರು. ಲಸಿಕೆ ಬಂದು ಕಾಯಿಲೆಯೇ ಹೆಚ್ಚುಕಡಿಮೆ ಮಾಯವಾದ ಮೇಲೆ ಅದರ ಬಗ್ಗೆ ಯಾರು ಬರೆಯುತ್ತಾರೆ, ಯಾರು ಉಲ್ಲೇಖಿಸುತ್ತಾರೆ?

"ಹೆಸರೇ ಕೇಳಿಲ್ಲ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳಮ್ಮಾ," ಎಂದರು.