ಇಪ್ಪತ್ನಾಲ್ಕನೆಯ ವಕೀಲೆ

ಬ್ರೇಕ್ ಹಿಡಿಯಲಿಲ್ಲ!

ಇಳಿಜಾರು ರಸ್ತೆ. ಮುಂದೆ ಕೆಂಪು ದೀಪ. ಹಿಂದೆ ಬಿಳಿ ಕಾರು. ನನ್ನ ಸೊಂಟ ತಬ್ಬಿ ಕುಳಿತವಳು ಕಿವಿಯಲ್ಲೇ ಕಿರುಚಿದಳು.

“ಅಕ್ಕಾ, ನಿಲ್ಸಿ!”

“ಅದು ನಿಂತ್ರೆ ತಾನೇ ನಾನು ನಿಲ್ಸೋದು!”

ಎಡಕ್ಕೆ ಎಳೆದೆ. ಕಟ್ಟುತ್ತಿದ್ದ ಮನೆಯ ಮುಂದೆ ಮರಳಿನ ರಾಶಿ ಇತ್ತು. ಸ್ಕೂಟರ್ ಅದರೊಳಗೆ ಹ್ಯಾಂಡಲ್‌ತನಕ ಹೂತಿತು. ನಾವಿಬ್ಬರೂ ಹಾರಿ ರಾಶಿಯ ಮೇಲೆ ಬಿದ್ದೆವು. ಬಿಳಿ ಕಾರು ಪಕ್ಕದಲ್ಲೇ ಹಾದುಹೋಯಿತು. ಕಿಟಕಿಯಿಂದ ಒಬ್ಬ ಕೈ ಬೀಸಿದ. ನಗುತ್ತಿದ್ದ!

“ಮುಂದೆ ಹೋಗ್ಬಿಟ್ರು ಅಕ್ಕಾ... ಮುಗೀತು!”

“ಏನೂ ಮುಗಿದಿಲ್ಲ. ಅವನ ಕಾರು ಸೇತುವೆ ಸುತ್ತಿ ಬರ್ಬೇಕು. ನಮ್ಗೆ ಗಲ್ಲಿ ಇದೆ. ಚಪ್ಪಲಿ ಕೈಲಿ ಹಿಡ್ಕೋ. ಓಡು!”

ಓಡಿದೆವು. ನನಗೆ ಐವತ್ತಾರು ವರ್ಷ, ಎಂಬತ್ತು ಕೆಜಿ. ಆದರೂ ಓಡಿದೆ!

ಯಾರವನು, ಯಾಕೀ ಓಟ ಅಂತೀರಾ? ಓಡುತ್ತಲೇ ಹೇಳುತ್ತೇನೆ, ಕೇಳಿ.

ಇಪ್ಪತ್ತೆಂಟು ವರ್ಷ ಕೋರ್ಟಿನ ಸಮನ್ಸ್ ಹಂಚಿದವಳು ನಾನು. ಮಂಚದ ಕೆಳಗೆ ಅಡಗಿದವರ ಕೈಗೂ ಕಾಗದ ತುರುಕಿ ಬಂದಿದ್ದೇನೆ. ಜನ ನನ್ನನ್ನು ಸಮನ್ಸಮ್ಮ ಅಂತಲೇ ಕರೆಯುತ್ತಾರೆ. ಈಗ ರಿಟೈರ್ಡ್. ತಪ್ಪಿಸಿಕೊಂಡವರನ್ನು ಹುಡುಕಿಕೊಡುವುದು ಕಸುಬು.

ಆದರೆ ಆ ದಿನ ಬೆಳಿಗ್ಗೆ ಬಂದವಳು ಹುಡುಕಿಕೊಡಿ ಎಂದದ್ದು ವಕೀಲರನ್ನು!

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಆರು ವರ್ಷದ ಮಗಳಿದ್ದಾಳೆ. ಗಂಡನಿಗೆ ಕಾರ್ ಶೋರೂಂ. ಮಗು ತನಗೆ ಬೇಕು ಎಂದು ಕೇಸ್ ಹಾಕಿದ್ದ. ಹಿಂದಿನ ವಾಯಿದೆಯಲ್ಲಿ ಇವಳು ಒಬ್ಬಳೇ ನಿಂತು, ಜಡ್ಜ್ ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿ ಬಂದಿದ್ದಳು. ಈ ದಿನ ಮಧ್ಯಾಹ್ನ ಎರಡಕ್ಕೆ ವಕೀಲರ ಜೊತೆ ಬರಬೇಕು, ಬರದಿದ್ದರೆ ಅಂದೇ ಆರ್ಡರ್ ಎಂದಿದ್ದರು ಜಡ್ಜ್. ಅವನು ಮರುದಿನದ ವಿಮಾನಕ್ಕೆ ಮಗುವಿನ ಟಿಕೆಟ್ ಕೂಡ ತೆಗೆದಿಟ್ಟಿದ್ದ.

“ಊರಲ್ಲಿ ವಕೀಲ್ರಿಗೇನಮ್ಮ ಬರ?” ಎಂದು ಕೇಳಿದೆ.

“ಮೊದ್ಲು ಹೋದ ಕಡೆ ಫೀಸ್ ಕೇಳಿ ವಾಪಸ್ ಬಂದೆ ಅಕ್ಕಾ. ಆಮೇಲೆ ಕಮ್ಮಿ ಫೀಸಿನವರ ಹತ್ರ ಹೋದೆ. ಫ್ರೀಯಾಗಿ ನಡೆಸೋರ ಹತ್ರಾನೂ ಹೋದೆ. ಎಲ್ರೂ ಒಂದೇ ಮಾತು... ‘ನಿಮ್ಮ ಯಜಮಾನ್ರು ಆಗ್ಲೇ ಬಂದು ಹೋದ್ರು, ಸಾರಿ.’ ಇಪ್ಪತ್ಮೂರು ಜನ ಅಕ್ಕಾ!”

ಅರ್ಥವಾಯಿತೇ? ವಕೀಲರ ಎದುರು ಒಬ್ಬ ಕೂತು ತನ್ನ ಕೇಸಿನ ಒಳಗುಟ್ಟು ಹೇಳಿದರೆ, ಆ ವಕೀಲರು ಅದೇ ಕೇಸಿನಲ್ಲಿ ಎದುರು ಪಾರ್ಟಿಗೆ ನಿಲ್ಲುವ ಹಾಗಿಲ್ಲ. ಕಸುಬಿನ ನಿಯಮ. ಆಸಾಮಿ ಒಬ್ಬ ದೊಡ್ಡ ವಕೀಲರನ್ನು ಇಟ್ಟುಕೊಂಡು, ಉಳಿದವರ ಹತ್ತಿರವೆಲ್ಲ ಹತ್ತು ಹತ್ತು ನಿಮಿಷ ಕೂತು ಎದ್ದು ಬಂದಿದ್ದ. ಹೆಂಡತಿಗೆ ಊರಲ್ಲಿ ಒಂದು ಬಾಗಿಲೂ ಇರಬಾರದು! ಕಳ್ಳ... ಆದರೆ ತಲೆ ಇದ್ದ ಕಳ್ಳ.

“ಮಗೂಗೆ ನನ್ನ ಕಿವಿ ಹಿಡ್ಕೊಂಡ್ರೇನೇ ನಿದ್ದೆ ಬರೋದು ಅಕ್ಕಾ” ಎಂದಳು, ಅಳದೆ.

ನಾನು ನೋಡುವುದಕ್ಕೆ ಒರಟು. ಆ ಒಂದು ಮಾತಿಗೆ ಪೂರ್ತಿ ಕರಗಿಹೋದೆ. ಸ್ಕೂಟರ್ ಕೀ ತೆಗೆದುಕೊಂಡೆ.

ಹನ್ನೆರಡಕ್ಕೆ ಕಾನೂನು ನೆರವಿನ ಕೌಂಟರ್ ಮುಂದೆ ನಿಂತಿದ್ದೆವು. ಅಲ್ಲಿನ ಗುಮಾಸ್ತರು ನನಗೆ ಹಳೆಯ ಪರಿಚಯ. ಪಟ್ಟಿಯ ಮೇಲೆ ಬೆರಳು ಓಡಿಸಿದರು. “ಇವ್ರೂ ಇಲ್ಲ... ಇವ್ರೂ ಇಲ್ಲ... ಅರೆ! ಹೊಸ ಮೇಡಂ ಇದ್ದಾರಲ್ಲ! ನಿನ್ನೆ ತಾನೇ ಬೇರೆ ಊರಿಂದ ಬಂದು ಸೇರ್ಕೊಂಡ್ರು. ಹೆಸರು ಇನ್ನೂ ಬೋರ್ಡ್‌ಗೂ ಹತ್ತಿಲ್ಲ!”

“ಎಲ್ಲಿದ್ದಾರೆ?”

“ಹಲ್ಲುನೋವು. ನದಿ ಪಕ್ಕದ ಡೆಂಟಿಸ್ಟ್ ಹತ್ರ ಹೋದ್ರು. ಈ ಫಾರಂ ಮೇಲೆ ಅವ್ರ ಸೈನ್ ಹಾಕಿಸ್ಕೊಂಡು ಬನ್ನಿ, ಒಂದು ಕಾಸೂ ಖರ್ಚಿಲ್ಲ!”

ಗುಮಾಸ್ತರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಅವರು ಪಿಸುಗುಟ್ಟಿದರೆ ಮೂರನೇ ಮಹಡಿಗೆ ಕೇಳುತ್ತದೆ. ನಮ್ಮ ಹಿಂದೆ, ನೀರಿನ ಫಿಲ್ಟರ್ ಹತ್ತಿರ, ಲೋಟವೊಂದು ಠಣ್ ಎಂದು ಬಿತ್ತು.

ತಿರುಗಿ ನೋಡಿದೆ. ಅವಳು ನನ್ನ ತೋಳು ಹಿಡಿದು ಜಗ್ಗಿದಳು. ಗಂಡ!

ಅವನು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನೇ ನೋಡಿದ. ಬಾಗಿಲ ಕಡೆ ಓಡಿದ. ಅವನು ಕಾರು ಹೊರಗೆ ತೆಗೆಯುವಷ್ಟರಲ್ಲಿ ನಾವು ಸ್ಕೂಟರ್ ಹತ್ತಿ ಹೊರಟಿದ್ದೆವು. ಇಬ್ಬರಲ್ಲಿ ಯಾರು ಮೊದಲು ಆ ವಕೀಲೆಯ ಕಿವಿ ಹಿಡಿಯುತ್ತಾರೋ ಅವರಿಗೆ ಮಗು!

ಇದೇ ನೋಡಿ ಓಟ. ಗಲ್ಲಿ ದಾಟಿದೆವು. ಒಂದು ಗೇಟ್ ಹಾರಿದೆವು. ಅವಳು ಹಾರಿದಳು, ನಾನು ಉರುಳಿದೆ. ಹೊಟ್ಟೆ ಹಿಡಿದುಕೊಂಡು ನಗು ಬೇರೆ! ಡೆಂಟಿಸ್ಟ್ ಮೆಟ್ಟಿಲು ಹತ್ತುವಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಒಳಗೆ ಎರಡು ಕುರ್ಚಿ, ನಡುವೆ ಹಸಿರು ಪರದೆ. ಒಳಗಿನ ಕುರ್ಚಿಯಲ್ಲಿ ವಕೀಲೆ ಕುಳಿತಿದ್ದರು. ಇಂಜೆಕ್ಷನ್ ಆಗಿ ಅರ್ಧ ಮುಖ ಮರಗಟ್ಟಿತ್ತು.

“ಮೇಡಂ, ನೀವು ಮಾತಾಡೋದೇ ಬೇಡ. ಕೇಳಿಸ್ಕೊಂಡ್ರೆ ಸಾಕು!” ಎಂದೆ.

ಅವರು ಫಾರಂ ನೋಡಿದರು. ಅವಳ ಮುಖ ನೋಡಿದರು. ಕುರ್ಚಿಯ ಅಂಚು ತಟ್ಟಿ ಕೂರಿಸಿಕೊಂಡರು. ಅವಳು ಪಿಸುಮಾತಿನಲ್ಲಿ ಶುರು ಮಾಡಿದಳು.

ಕೆಳಗೆ ಕಾರಿನ ಬಾಗಿಲು ಧಡ್ ಎಂದಿತು!

ಮೊದಲಿನಿಂದ ಕೊನೆತನಕ ಹೇಳಿ ಸೈನ್ ಹಾಕಿಸಲು ಹತ್ತು ನಿಮಿಷ ಬೇಕು. ಅವನು ಮೆಟ್ಟಿಲು ಹತ್ತಲು ಹತ್ತು ಸೆಕೆಂಡ್ ಸಾಕು. ಬಾಗಿಲಿನ ಕಡೆಯ ಕುರ್ಚಿ ಖಾಲಿ ಇತ್ತು. ಹಾರಿ ಮಲಗಿದೆ. ಕುತ್ತಿಗೆತನಕ ಹಸಿರು ಬಟ್ಟೆ ಎಳೆದುಕೊಂಡೆ. ಕಣ್ಣಿನ ಮೇಲೆ ಟವೆಲ್. ಬಾಯಿ ತುಂಬ ಹತ್ತಿ!

ವಕೀಲೆಯ ಕಪ್ಪು ಕೋಟು ನನ್ನ ತಲೆಯ ಹತ್ತಿರ ಮೊಳೆಗೆ ನೇತಾಡುತ್ತಿತ್ತು. ನಾನು ಹಾಕಿದ್ದಲ್ಲ. ಅವರೇ ಬಿಚ್ಚಿ ನೇತುಹಾಕಿದ್ದು. ಆಮೇಲೆ ನನ್ನ ಮೇಲೆ ಹೇಳಬೇಡಿ.

“ಮೇಡಂ! ಅಬ್ಬಾ, ಸಿಕ್ಕಿದ್ರಿ!” ಅವನ ಧ್ವನಿ. ಏದುಸಿರು. “ನಿಮ್ಮ ಹತ್ರ ಒಂದು ಸಲಹೆ ಕೇಳ್ಬೇಕು. ಮಗುವಿನ ಕಸ್ಟಡಿ ಕೇಸು!”

ನಾನು ಗೊರಗೊರ ಎಂದೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಸ್ಟೂಲ್ ಎಳೆದು ಕೂತ. ನಮ್ಮ ಸ್ಕೂಟರ್ ಮರಳಲ್ಲಿ ಹೂತದ್ದನ್ನು ನೋಡಿ ಬಂದಿದ್ದನಲ್ಲ, ಗೆದ್ದವನ ಗತ್ತು. ಖುಷಿಗೆ ಬಾಯಿ ಸಡಿಲವಾಯಿತು.

“ನಿಜ ಹೇಳ್ತೀನಿ ಮೇಡಂ, ವಕೀಲ್ರ ಹತ್ರ ಮುಚ್ಚಿಡ್ಬಾರ್ದು. ನನಗೆ ಮಗು ಕಟ್ಕೊಂಡು ಏನಾಗ್ಬೇಕು? ಎಲ್ಲೋ ದೂರದ ಹಾಸ್ಟೆಲ್‌ಗೆ ಹಾಕ್ತೀನಿ. ಮಗು ಹೋದ್ರೆ ಅವ್ಳು ಕಾಲಿಗೆ ಬೀಳ್ತಾಳೆ, ನನ್ನ ಮೇಲೆ ಪೊಲೀಸಿಗೆ ಕೊಟ್ಟ ದೂರೆಲ್ಲ ವಾಪಸ್ ತಗೋತಾಳೆ. ಅಷ್ಟೇ ನನಗೆ ಬೇಕಾಗಿರೋದು!”

ಕೈ ಮುಷ್ಟಿಯಾಯಿತು. ಎದ್ದು ಎರಡು ಬಿಗಿಯೋಣ ಎನ್ನಿಸಿತು. ಪರದೆಯ ಆಚೆ ಪಿಸುಮಾತು ಇನ್ನೂ ನಡೆದಿತ್ತು... ಸುಮ್ಮನೆ ಮಲಗಿದೆ.

ಆಗ ಬಂದರು ನೋಡಿ ಡೆಂಟಿಸ್ಟ್! ವಯಸ್ಸಾದವರು, ಶ್ರದ್ಧೆಯ ಮನುಷ್ಯ. ಹತ್ತಿ ತೆಗೆದು ಬಾಯೊಳಗೆ ಟಾರ್ಚ್ ಬಿಟ್ಟರು.

“ಅಯ್ಯಯ್ಯೋ, ಈ ದವಡೆ ಹಲ್ಲು ಪೂರ್ತಿ ಹಾಳಾಗಿದೆ! ತೆಗೀಲೇಬೇಕು. ತೆಗೀಲಾ?”

ಬೇಡ ಎಂದು ತಲೆ ಅಲ್ಲಾಡಿಸಿದರೆ ಡಾಕ್ಟರು ಕುರ್ಚಿಯಿಂದ ಎಬ್ಬಿಸುತ್ತಾರೆ, ಬಾಯಿ ಬಿಟ್ಟರೆ ನನ್ನ ಧ್ವನಿ ಹೊರಬೀಳುತ್ತದೆ. ಕೌಂಟರ್ ಹತ್ತಿರ ಕೇಳಿದ್ದ ಧ್ವನಿ ಎಂದು ಗುರುತು ಹಿಡಿದರೆ ಅವನು ಪರದೆ ಎಳೆಯುತ್ತಾನೆ.

ಹೂಂ ಎನ್ನುವ ಹಾಗೆ ತಲೆ ಆಡಿಸಿದೆ!

ಸೂಜಿ ಚುಚ್ಚಿದರು. ಕಾದರು. ಇಕ್ಕಳ ಹಿಡಿದರು. ಅವನೋ ಪಕ್ಕದಲ್ಲೇ ಕೂತು ಇಪ್ಪತ್ಮೂರು ವಕೀಲರನ್ನು ಹೇಗೆ ಕಟ್ಟಿಹಾಕಿದೆ ಎಂದು ಹೆಮ್ಮೆಯಿಂದ ಎಣಿಸುತ್ತಿದ್ದ. “ನೀವೇ ಕೊನೆಯವ್ರು ಮೇಡಂ!” ಎನ್ನುವುದಕ್ಕೂ ಹಲ್ಲು ಕಟ್ ಎನ್ನುವುದಕ್ಕೂ ಸರಿಹೋಯಿತು. ಅವನು ಕೈ ಮುಗಿದು ಶಿಳ್ಳೆ ಹಾಕುತ್ತ ಮೆಟ್ಟಿಲು ಇಳಿದ.

ಪರದೆ ಸರಿಯಿತು. ವಕೀಲೆಯ ಕೈಯಲ್ಲಿ ಸೈನ್ ಹಾಕಿದ ಫಾರಂ ಇತ್ತು. ಕಣ್ಣು ಫಳಫಳ ಎನ್ನುತ್ತಿತ್ತು. ಅವರಿಗೂ ಅಷ್ಟೂ ಕೇಳಿಸಿತ್ತು! ಹಲ್ಲು ನಾಳೆ ನೋಡೋಣ ಎಂದು ಡಾಕ್ಟರಿಗೆ ಸನ್ನೆ ಮಾಡಿ, ಕೋಟು ಎಳೆದುಕೊಂಡು ಹೊರಟೇಬಿಟ್ಟರು.

ಎರಡು ಗಂಟೆಗೆ ಕೋರ್ಟು. ಅವಳ ಪಕ್ಕದಲ್ಲಿ ಕಪ್ಪು ಕೋಟು ಕಂಡದ್ದೇ ತಡ, ಆಸಾಮಿ ಇಂಗು ತಿಂದ ಮಂಗ! ವಕೀಲೆ ಮರಗಟ್ಟಿದ ನಾಲಿಗೆಯಲ್ಲೇ ವಿಷಯ ಹೇಳಿ ನನ್ನನ್ನು ಮುಂದೆ ತಳ್ಳಿದರು. ನನ್ನ ಕೆನ್ನೆ ಬನ್ನಿನ ಹಾಗೆ ಊದಿತ್ತು.

“ನೀವು ವಕೀಲರು ಅಂತ ಅವರಿಗೆ ಹೇಳಿದ್ರಾ?” ಎಂದು ಜಡ್ಜ್ ಕೇಳಿದರು.

“ಇಲ್ಲ ಸ್ವಾಮಿ. ಹೇಳೋಕೆ ಬಾಯೇ ಖಾಲಿ ಇರ್ಲಿಲ್ಲ.” ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಹಾಸ್ಟೆಲ್ಲು, ಕಾಲಿಗೆ ಬೀಳಿಸುವುದು, ಇಪ್ಪತ್ಮೂರು ವಕೀಲರು, ಎಲ್ಲ.

ಅವನ ದೊಡ್ಡ ವಕೀಲರು ಎದ್ದರು. “ಎಲ್ಲಾ ಕಟ್ಟುಕತೆ ಮಹಾಸ್ವಾಮಿ. ನನ್ನ ಕಕ್ಷಿದಾರ ಹಾಗೆ ಹೇಳಿಯೇ—”

“ಅದನ್ನ ಹೇಳೋ ಹಾಗಿಲ್ಲ!” ಹಿಂದಿನಿಂದ ಆಸಾಮಿಯೇ ಕೂಗಿದ. ಮುಖ ಕೆಂಪು ಕೆಂಪು. “ವಕೀಲ್ರು ಅಂತ ನಂಬಿ ಹೇಳಿದ್ದು ನಾನು! ಅದು ಗುಟ್ಟು! ಹೊರಗೆ ಹೇಳೋ ಹಾಗಿಲ್ಲ!”

ಜಡ್ಜ್ ಕನ್ನಡಕ ತೆಗೆದರು. “ಅಂದ್ರೆ... ಹೇಳಿದ್ದು ನಿಜ.”

ದೊಡ್ಡ ವಕೀಲರು ತಲೆಯ ಮೇಲೆ ಕೈ ಹೊತ್ತು ಕೂತರು. ಕೇಸ್ ಮುಗಿಯುವತನಕ ಮಗು ತಾಯಿಯ ಹತ್ತಿರವೇ ಇರಬೇಕು, ಊರು ಬಿಟ್ಟು ಹೊರಗೆ ಕರೆದೊಯ್ಯುವಂತಿಲ್ಲ ಎಂದು ಆರ್ಡರ್ ಆಯಿತು.

ಹೊರಗೆ ಬಂದವಳೇ ಅವಳು ನನ್ನನ್ನು ತಬ್ಬಿ ಗರಗರ ತಿರುಗಿಸಿದಳು. ಎಂಬತ್ತು ಕೆಜಿ! ಅಳು, ನಗು, ಎಲ್ಲ ಒಟ್ಟಿಗೆ. “ನಿಮ್ಗೆ ಏನು ಕೊಡ್ಲಿ ಅಕ್ಕಾ? ವಕೀಲ್ರಂತೂ ಬಿಟ್ಟಿ ಸಿಕ್ಕಿದ್ರು...”

ಊದಿದ ಕೆನ್ನೆ ಒತ್ತಿಕೊಂಡು ಲೆಕ್ಕ ಹಾಕಿದೆ. ಒಂದು ಮಗುವಿಗೆ ಒಂದು ಹುಳುಕು ಹಲ್ಲು... ಆ ಕೋರ್ಟಿನ ಆವರಣದಲ್ಲಿ ಇದಕ್ಕಿಂತ ಅಗ್ಗದ ಫೀಸು ಯಾರಾದರೂ ಕೇಳಿದ್ದರೆ ಹೇಳಿ, ಬಾಯಲ್ಲಿ ಇನ್ನೂ ಇಪ್ಪತ್ತೇಳು ಹಲ್ಲು ಉಳಿದಿವೆ!