ಚೀಲದಲ್ಲಿದ್ದ ಇನ್ನೊಂದು ದಾರ

"ಇಡ್ರಿ ಅದನ್ನ! ಮುಟ್ಟಬ್ಯಾಡ್ರಿ!"

ಅಡುಗೆಮನೆ ಬಾಗಿಲಿನಿಂದ ಸಿಡಿದ ದನಿಗೆ ತ್ರ್ಯಂಬಕ ಬೆಚ್ಚಿಬಿದ್ದ. ಅವನ ಕೈಯಲ್ಲಿ ಅರಿಶಿಣ ಕೊಂಬು ಕಟ್ಟಿದ ದಾರವಿತ್ತು.

ಸವದತ್ತಿಯ ಪಾಂಡುರಂಗ ಭಟ್ಟರ ಮೊಣಕಾಲುಗಳು ಮುಷ್ಕರ ಹೂಡಿದ್ದವು. ಲಗ್ನ ಮಾಡಿಸಲೆಂದು ಶಿಷ್ಯ ತ್ರ್ಯಂಬಕನನ್ನು ರಾಮದುರ್ಗದಿಂದ ಕರೆಸಿದ್ದರು. ಈ ಮಹಾಶಯ ಬಂದವನೇ ಭಟ್ಟರ ಚೀಲಕ್ಕೆ ಕೈಹಾಕಿದ್ದ!

"ತಾಳಿ ಬೀಗರೇ ತರ್ತಾರಲ್ಲ, ಇದ್ಯಾಕ?"

"ಅದು ಕಳದ್ರ? ಮಂತ್ರ ಹೇಳಿದ್ರ ಇನ್ನೊಂದು ಉದುರತದೇನು?"

ಅವನು ನಕ್ಕುಬಿಟ್ಟ. ಭಟ್ಟರ ಮಗಳು ರಾಧಾಬಾಯಿಗೆ ಮೈಯೆಲ್ಲ ಉರಿಯಿತು.

ಆಡುವ ವಯಸ್ಸಿನಲ್ಲಿ ಲಗ್ನ, ಮರುವರ್ಷವೇ ವೈಧವ್ಯ. ಗಂಡನ ಮುಖವೂ ಅವಳಿಗೆ ನೆನಪಿಲ್ಲ. ತಲೆ ಬೋಳಿಸಲು ನೆಂಟರು ಗಂಟುಬಿದ್ದಾಗ ಕತ್ತರಿಯನ್ನೇ ಬಾವಿಗೆ ಎಸೆದವಳು! ಮಂಗಳಕಾರ್ಯದ ಹಂದರಕ್ಕೆ ಅವಳು ಕಾಲಿಡುವಂತಿಲ್ಲ. ಆದರೆ ಪ್ಲೇಗಿನಲ್ಲಿ ತಾಯಿ ತೀರಿಕೊಂಡ ಮೇಲೆ ಅಪ್ಪನ ಚೀಲ ಕಟ್ಟುವವಳು ಅವಳೇ. ಮಳೆ ಬಂದರೆ ಬೇಕೆಂದು ಒಣ ಸಮಿಧೆ, ವಧೂವರರ ನಡುವೆ ಹಿಡಿಯುವ ಅಂತರಪಟ ಹರಿದರೆ ಇರಲೆಂದು ಇನ್ನೊಂದು ಧೋತ್ರ, ತಾಳಿ ಕಳೆದುಹೋದರೆ ಇರಲೆಂದು ಈ ದಾರ.

ಅಂದಿನಿಂದ ಚೀಲ ಎತ್ತಿಕೊಳ್ಳುವಾಗಲೆಲ್ಲ ತ್ರ್ಯಂಬಕ ಕಾಡುತ್ತಿದ್ದ. "ಇವತ್ತೇನು ಕೆಡತದ, ಹೇಳ್ರಿ?"

"ನಿಮ್ಮ ಬಾಯಿ!"

ಬೈಯುತ್ತ ಬೈಯುತ್ತಲೇ ಅವನ ಹೆಜ್ಜೆ ಸಪ್ಪಳಕ್ಕೆ ಕಾಯತೊಡಗಿದ್ದಳು... ಹುಚ್ಚು ಮನಸ್ಸು!

ಮಾಘದಲ್ಲಿ ಉಗರಗೋಳದ ಒಕ್ಕಲಿಗರ ಮನೆಯಲ್ಲಿ ಲಗ್ನ. ಮಧ್ಯಾಹ್ನ ಹಾಲಿನ ಬೀರವ್ವ ಅಲ್ಲಿಂದ ಏದುಸಿರು ಬಿಡುತ್ತ ಬಂದಳು.

"ಘಾತ ಆತ್ರೀ ಅಕ್ಕಾರ! ತಾಳಿ ಕಳೀತು, ನಿಮ್ಮ ದಾರಾ ಕಟ್ಟಿಸಿದ್ರು. ಯಾರು ಮಾಡಿದ್ದಂತ ಕೇಳಿದ್ರ ಸಣ್ಣ ಭಟ್ರು ನಿಮ್ಮ ಹೆಸರ ಹೇಳಿಬಿಟ್ರು! ಗಂಡಿನ ಕಾಕಾ ಶಂಕ್ರೆಪ್ಪ ದಾರಾ ಹರೀರಿ ಅಂತ ಕುಣ್ಯಾಕ ಹತ್ಯಾನ!"

ರಾಧಾಬಾಯಿ ಕೈಯಲ್ಲಿದ್ದ ತಂಬಿಗೆ ಕುಕ್ಕಿದಳು. ಹೆಸರು ಹೇಳಿದನೆ? ತಾನು ಪಾರಾಗಲು ನನ್ನನ್ನು ಮುಂದೆ ತಳ್ಳಿದನೆ? ಇಂಥವನಿಗಾಗಿ ಕಾದೆನೆ ನಾನು!

ಸಂಜೆ ಅವನು ಹೊಸ್ತಿಲು ದಾಟುವ ಮೊದಲೇ ಗುಡುಗಿದಳು.

"ಚೀಲ ಅಲ್ಲೇ ಇಟ್ಟು ರಾಮದುರ್ಗದ ದಾರಿ ಹಿಡೀರಿ!"

"ಪೂರಾ ಕೇಳ್ರಿ... ಹರಸಲಿ ಅಂತ ತಾಳಿ ತಾಟು ಹಂದರದ ತುಂಬ ತಿರುಗಿಸಿದ್ರು. ಕಣ್ಣು ಮಂಜಾದ ಅವರ ಮನಿ ಸತ್ಯವ್ವಜ್ಜಿ ತಾಟಿನ ಅಕ್ಕಿಕಾಳಿನ ಜೋಡಿ ತಾಳಿನೂ ಬಾಚಿ ಸೆರಗಿಗೆ ಕಟ್ಟಿಕೊಂಡಿದ್ಲು! ಊಟಕ್ಕ ಕೂತಾಗ ಸಿಕ್ತು. ಈಗರ ಆ ವಿಧವಿ ದಾರಾ ತಗೀರಿ ಅಂದ ಶಂಕ್ರೆಪ್ಪ."

"ತಗದ್ರೇನು?"

"ಮದುಮಗಳು ಇಂದ್ರವ್ವ ಎದ್ದು ನಿಂತ್ಲು. 'ಯಾರಿಗೂ ಹೊಳೀದ್ದು ಆ ಅಕ್ಕಗ ಹೊಳದೈತಿ. ಬಂಗಾರದ್ದು ಬೇಕಾದ್ರ ಮ್ಯಾಲ ಕಟ್ರಿ, ಇದನ್ನ ತಗ್ಯಾಂಗಿಲ್ಲ' ಅಂದ್ಲು. ಕಡೀಗೆ ಶಂಕ್ರೆಪ್ಪನೇ ಬಂಗಾರದ್ದು ಮ್ಯಾಲ ಕಟ್ಟಿಸಿದ!"

ರಾಧಾಬಾಯಿಗೆ ಅಳುವೂ ಬಂತು, ನಗುವೂ ಬಂತು.

"ಆದ್ರ ನನ್ನ ಹೆಸರು ಯಾಕ ಹೇಳಿದ್ರಿ?"

"ಎಲ್ಲಾರೂ ನನ್ನ ಕಾಲಿಗೆ ಬಿದ್ದು ಜಾಣ ಭಟ್ರು ಅಂದ್ರು. ನಿಮ್ಮ ಪುಣ್ಯಾ ನಾ ಹೆಂಗ ತಗೊಳ್ಳಿ? ಮುಚ್ಚಿಡೋ ಹೆಸರಲ್ಲ ಅದು... ನನಗಂತೂ ದಿನಾ ಕರೀಬೇಕನ್ನಸತದ."

ಅವಳು ತಲೆ ತಗ್ಗಿಸಲಿಲ್ಲ. ಅವನ ಕಣ್ಣನ್ನೇ ನೋಡಿದಳು.

"ರಾಧಾಬಾಯಿ, ಇನ್ನೊಂದು ದಾರ ಮಾಡ್ರಿ."

"ಯಾರ ಲಗ್ನಕ್ಕ?"

"ನಮ್ಮ ಲಗ್ನಕ್ಕ."

ಅವಳ ದನಿ ನಡುಗಲಿಲ್ಲ. "ಊರು ಬಹಿಷ್ಕಾರ ಹಾಕತದ. ಮಂತ್ರ ಹೇಳಲಿಕ್ಕೆ ಯಾವ ಭಟ್ಟನೂ ಬರೂದಿಲ್ಲ."

"ಯಾಕ, ನಾ ಸತ್ತೇನೇನು?"

ಒಳಗಿನಿಂದ ಪಾಂಡುರಂಗ ಭಟ್ಟರ ದನಿ! "ಹಂದರದಿಂದ ನಿನ್ನ ದೂರ ಇಟ್ಟವರ ಮಾತು ಇಷ್ಟು ವರ್ಷ ಕೇಳಿದೆ. ಸಾಕು, ಮಗಳ. ನಿನ್ನ ಲಗ್ನ ನಾನೇ ಮಾಡಸ್ತೀನಿ. ಕಾಲು ನಡೀದಿದ್ರ ಎತ್ತಿ ಕೂಡಸ್ರಿ!"

ರಾಧಾಬಾಯಿ ಕಣ್ಣೊರೆಸಿಕೊಂಡು ನೂಲಿಗೆ ಅರಿಶಿಣ ಹಚ್ಚಲು ಕುಳಿತಳು. ಒಂದು ದಾರಕ್ಕೆ ಕೊಂಬು ಕಟ್ಟಿದಳು. ಮತ್ತೊಂದು ಕೈಗೆತ್ತಿಕೊಂಡಳು.

"ಎರಡ್ಯಾಕ?" ತ್ರ್ಯಂಬಕ ಮೆಲ್ಲಗೆ ಕೇಳಿದ. "ನನ್ನ ಮ್ಯಾಲ ನಂಬಿಗಿಲ್ಲೇನು?"

"ನಿಮ್ಮ ಮ್ಯಾಲ ಅದ," ಅವಳು ಗಂಟು ಬಿಗಿಯುತ್ತ ನಕ್ಕಳು. "ಊರ ಮ್ಯಾಲ ಇಲ್ಲ. ಅವರು ಒಂದು ಹರದ್ರ, ಇನ್ನೊಂದು ಕಟ್ರಿ."