ಬೆನ್ನು ತಿರುಗಿಸಿ ನಿಂತ ಅಪ್ಪ

"ಯಾರನ್ನ ಕೇಳಿ ಬರೆದ್ರಿ ನಮ್ಮ ಕುರೀನ?"

ಸ್ಟೂಲಿನ ಮೇಲೆ ನಿಂತು, ಚಿತ್ರ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದ ಎತ್ತಪ್ಪನ ಕೈಯಿಂದ ಸುತ್ತಿಗೆ ಜಾರುವುದೊಂದು ಬಾಕಿ! ತಿರುಗಿ ನೋಡಿದ. ಬಾಗಿಲಲ್ಲಿ ಕಾಫಿ ಲೋಟ ಹಿಡಿದ ಹುಡುಗಿ. ಕಣ್ಣು ಕೆಂಡ.

"ಚಿತ್ರದ ಕುರಿ ಕಣಮ್ಮ ಅವು. ಅವುಕ್ಕೇನು ಹೆಸರು ಬರೆದೈತಾ?"

"ಬರೆದೈತೆ. ಕಿವೀಲಿ ನೋಡ್ರಿ. ಎಡಗಿವಿ ಸೀಳು, ಬಲಗಿವಿ ತುದಿ ಇಲ್ಲ. ಧರ್ಮಪುರದ ಕಡೆ ಯಾವ ಗೊಲ್ಲರ ಹಟ್ಟೀಲಿ ಕೇಳಿದ್ರೂ ಕಾಟಯ್ಯನ ಮಂದೆ ಅಂತಾರೆ."

ಎತ್ತಪ್ಪ ತಾನೇ ಬರೆದ ಚಿತ್ರವನ್ನು ಹೊಸದಾಗಿ ನೋಡಿದ. ಹೌದು... ಕಿವಿಗಳೆಲ್ಲ ಹಾಗೇ ಇದ್ದವು. ಹಿಂದೊಮ್ಮೆ ಬಸ್ಸಿನ ಬೋರ್ಡು ಬರೆಯಲು ಧರ್ಮಪುರಕ್ಕೆ ಹೋಗಿದ್ದಾಗ, ಹೊತ್ತು ಮುಳುಗುವ ಸಮಯದಲ್ಲಿ ದಾರಿ ಪಕ್ಕ ಕುರಿ ಕೂಡುವ ದೊಡ್ಡಿ, ಕುರಿರೊಪ್ಪ ಕಂಡಿತ್ತು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಿದ್ದ, ಅಷ್ಟೇ.

"ಹಂಗಾದ್ರೆ, ರೊಪ್ಪದ ಬಾಗಿಲಾಗೆ ಕಂಬಳಿ ಕೊಪ್ಪೆ ಹಾಕ್ಕಂಡು ನಿಂತಿರೋರು..."

"ನಮ್ಮಪ್ಪ." ಹುಡುಗಿ ಚಿತ್ರದ ಹತ್ತಿರ ಬಂದಳು. "ಹೋದ ವರ್ಷ ತೀರಿಕೊಂಡ."

ಎತ್ತಪ್ಪ ಸ್ಟೂಲಿನಿಂದ ಮೆಲ್ಲಗೆ ಇಳಿದ. ಅವಳ ಕೈಯಿಂದ ಲೋಟ ಇಸಿದುಕೊಂಡ. ಕಾಫಿ ಆಗಲೇ ತಣ್ಣಗಾಗಿತ್ತು.

ಅವಳ ಹೆಸರು ಗಂಗಕ್ಕ. ಕುರಿಗಳಿಗೆ ಬೇನೆ ಬಂದು ಮಂದೆಗೆ ಮಂದೆಯೇ ಮಣ್ಣಾಗಿತ್ತು. ಆ ಕೊರಗಿನಲ್ಲಿ ಅಪ್ಪನೂ ಹಾಸಿಗೆ ಹಿಡಿದವನು ಏಳಲಿಲ್ಲ. ಕುರಿ ಹೋದ ಮೇಲೆ, ಮಾತು ಕೊಟ್ಟಿದ್ದ ಗಂಡಿನವರೂ ಹಟ್ಟಿಯ ದಾರಿ ಮರೆತರು. ಕೊನೆಗೆ ಸೋದರತ್ತೆ ತಿಪ್ಪಕ್ಕ ಅವಳನ್ನು ದುರ್ಗದ ಸಂತೇಪೇಟೆಯ ಈ ಮನೆಗೆ ಕಳಿಸಿದ್ದಳು. ಹಾಸಿಗೆ ಹಿಡಿದ ಉಚ್ಚಂಗಮ್ಮನ ಆರೈಕೆ ಅವಳ ಕೆಲಸ.

ಅಪ್ಪನದೊಂದು ಫೋಟೋ ಇರಲಿಲ್ಲ. ಹಟ್ಟಿಯಲ್ಲಿ ಫೋಟೋ ತೆಗೆಸಿಕೊಂಡವರೇ ಇರಲಿಲ್ಲ. ಲೋಕದಲ್ಲಿ ಅಪ್ಪನ ಗುರುತೆಂದು ಉಳಿದಿದ್ದರೆ ಇದೊಂದೇ ಚಿತ್ರ... ಅದೂ ಯಾರದೋ ಮನೆಯ ಗೋಡೆಯಲ್ಲಿ!

'ಅಪ್ಪಾ, ಇಲ್ಲಿಗೆ ಯಾವಾಗ ಬಂದೆ? ನನ್ನ ಹಿಂದೆಯೇ ಬಂದು ನಿಂತಿದೀಯಲ್ಲ!'

ಹಾಸಿಗೆ ಹಿಡಿಯುವ ಮುಂಚೆ ಉಚ್ಚಂಗಮ್ಮ ಆ ಚಿತ್ರವನ್ನು ಎತ್ತಪ್ಪನ ಅಂಗಡಿಯಲ್ಲಿ ನೋಡಿ ಅಲ್ಲೇ ಕುಸಿದು ಕೂತಿದ್ದಳಂತೆ. ಲಾರಿಗಳ ಹಿಂದೆ ನವಿಲು, ಅಂಗಡಿಗಳ ಮುಂದೆ ಹೆಸರು ಬರೆಯುವ ಅಂಗಡಿ ಅದು. ಅಲ್ಲಿ ಮೂಲೆಯಲ್ಲಿ ಒಣಗಲು ಇಟ್ಟಿದ್ದ ಚಿತ್ರವನ್ನು ಬಿಟ್ಟು ಏಳಲೊಲ್ಲೆ ಎಂದಾಗ ಮಗ ಕೊಂಡುಕೊಟ್ಟಿದ್ದ. ಚೌಕಟ್ಟು ಹಾಕಿಸಿಕೊಂಡು ಗೋಡೆಗೆ ಏರಿದ್ದು ಮಾತ್ರ ಈಗ.

ಮತ್ತೋಡಿನಲ್ಲಿ ಹುಟ್ಟಿ, ಮದುವೆಯಾಗಿ ಪೇಟೆಗೆ ಬಂದವಳು ಉಚ್ಚಂಗಮ್ಮ. ಈಗ ಅವಳ ನೆನಪಿಗೆ ಹತ್ತಿರದ್ದು ಮಂಜು, ದೂರದ್ದು ನಿಚ್ಚಳ. ಚಿತ್ರದ ರೊಪ್ಪ ಅವಳಿಗೆ ತವರಿನ ರೊಪ್ಪ. ಕೊಪ್ಪೆ ಹಾಕಿ ನಿಂತವನು ಎಂದೋ ತೀರಿಹೋದ ಅವಳ ತಮ್ಮ.

"ಗಂಗೀ, ನೋಡೇ, ಇನ್ನೂ ಬಾಗಿಲು ಹಾಕಿಲ್ಲ ಅವನು. ಕೂಗೇ, ತೋಳ ಬಂದಾತು ಅಂತ."

"ಕೂಗ್ತೀನಿ ಬಿಡ್ರಿ ಅವ್ವಾ. ಇನ್ನೊಂದು ಮರಿ ಬರಬೇಕಂತೆ, ಅದಕ್ಕೆ ನಿಂತವ್ನೆ."

"ಹಿಂದೆ ಬಿದ್ದಿರೋದು ಆ ಕುಂಟ ಮರೀನೇ ಇರ್ಬೇಕು. ಅದರ ಹೊಟ್ಟೆ ತಣ್ಣಗಾಗ!"

ಗಂಗಕ್ಕ ಒಂದು ದಿನವೂ 'ಅದು ನಿಮ್ಮ ತಮ್ಮ ಅಲ್ಲ, ನನ್ನಪ್ಪ' ಅನ್ನಲಿಲ್ಲ. ಸಂಜೆಯಾದರೆ ಮುದುಕಿ ಮಂಚದ ಮೇಲೆ, ಹುಡುಗಿ ಕೆಳಗೆ. ಇಬ್ಬರೂ ಒಂದೇ ಬೆನ್ನನ್ನು ನೋಡುತ್ತಾ ಕೂರುವರು. ಇಬ್ಬರ ಕಣ್ಣೂ ತುಂಬುವುದು. ಸತ್ತವನನ್ನು ಹಂಚಿಕೊಂಡರೆ ಕಡಿಮೆಯಾಗುವುದಿಲ್ಲ ಎಂದು ಅವಳಿಗೆ ಆ ಮನೆಯಲ್ಲಿ ತಿಳಿಯಿತು.

ಎತ್ತಪ್ಪ ಆಗಾಗ ಬರತೊಡಗಿದ. ಒಮ್ಮೆ ಮೊಳೆ ಸಡಿಲವಾಗಿದೆ ಎಂದ. ಒಮ್ಮೆ ಚೌಕಟ್ಟಿಗೆ ಗೆದ್ದಲು ಹಿಡಿಯುತ್ತದೆ ಎಂದ.

"ಏನಪ್ಪ, ನಮ್ಮನೆ ಗೋಡೆ ತುಂಬ ನಿಂದೇ ಮೊಳೆ ಆತಲ್ಲ!" ಉಚ್ಚಂಗಮ್ಮ ಬೊಚ್ಚುಬಾಯಲ್ಲಿ ನಕ್ಕಳು. "ಗೋಡೆ ನೋಡಾಕೆ ಬರ್ತೀಯೋ, ನಮ್ಮ ಹುಡುಗಿ ನೋಡಾಕೆ ಬರ್ತೀಯೋ?"

ಎತ್ತಪ್ಪನ ಕಿವಿ ಕೆಂಪಾಯಿತು. ಗಂಗಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಅಪ್ಪ ಹೋದ ಮೇಲೆ ಅವಳಿಗೆ ನಗು ಬಂದದ್ದು ಅದೇ ಮೊದಲು. ಬಂದ ನಗುವಿಗೆ ತಾನೇ ಹೆದರಿದಳು.

ಅವನೂ ಗೊಲ್ಲರ ಹುಡುಗನೇ. ಆದರೆ ಅವನಪ್ಪ ಹಿರಿಯೂರಿನಲ್ಲಿ ಲಾರಿ ಹತ್ತಿದವನು, ಮಗ ಕುರಿ ಮುಟ್ಟದೆ ಬೆಳೆದ. ಹಟ್ಟಿ ಎಂದರೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದು, ಅಷ್ಟೇ.

ಒಂದು ಸಂಜೆ ಅವಳೇ ಕೇಳಿದಳು.

"ಅಪ್ಪನ ಮುಖ ಈ ಕಡೆ ತಿರುಗಿಸಾಕೆ ಆಗುತ್ತಾ?"

ಎತ್ತಪ್ಪ ಚೌಕಟ್ಟಿನ ಧೂಳು ಒರೆಸಿದ. "ನಾನು ನೋಡಿದ್ದೇ ಬೆನ್ನು. ಅದೂ ಅಲ್ದೆ, ಚಿತ್ರ ಈ ಅವ್ವಂದು. ಅವರ ತಮ್ಮನ್ನ ನಾನು ಹೆಂಗೆ ಬೇರೆಯವನ್ನಾಗಿ ಮಾಡ್ಲಿ?"

ಅವನ ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ಅವಳಿಗೆ ಹೆಚ್ಚು ಅಳು ಬಂತು.

ಮಾಗಿಯ ಚಳಿಯಲ್ಲಿ ಉಚ್ಚಂಗಮ್ಮ ತೀರಿಕೊಂಡಳು. ಹೋಗುವ ಮುನ್ನ "ಬಾಗಿಲು ಹಾಕಿದ್ನಾ?" ಎಂದು ಕೇಳಿದಳು. "ಹಾಕಿದ ಅವ್ವಾ, ಎಲ್ಲಾ ಒಳಗೆ ಬಂದ್ವು," ಎಂದಳು ಗಂಗಕ್ಕ. ಮುದುಕಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಕರ್ಮ ಮುಗಿದ ಮೇಲೆ ಮಗ ಚಿತ್ರವನ್ನು ಪಂಚೆಯಲ್ಲಿ ಸುತ್ತಿಕೊಂಡ. "ಹೊಳಲ್ಕೆರೇಲಿ ನಮ್ಮ ಮಂಡಿ ಗೋಡೆಗೆ ಹಾಕ್ಕಂತೀನಿ. ಅವ್ವನ ಜೀವ ಇದ್ರಾಗೇ ಐತೆ," ಎಂದು ಕಣ್ಣೊರೆಸಿಕೊಂಡ. ತಾಯಿ ಕಳೆದುಕೊಂಡ ಮಗನ ಮುಂದೆ 'ಅದು ನನ್ನಪ್ಪ' ಎನ್ನುವುದು ಹೇಗೆ? ಗಂಗಕ್ಕ ಪಂಚೆಯ ಗಂಟು ಬಿಗಿದು ಕೊಟ್ಟಳು.

ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು.

"ಅಳಬೇಡ," ಎಂದ ಎತ್ತಪ್ಪ. ಮೊದಲ ಸಲ ಏಕವಚನಕ್ಕೆ ಇಳಿದಿದ್ದ, ಅವನಿಗೇ ಗೊತ್ತಾಗಲಿಲ್ಲ. "ಇನ್ನೊಂದು ಬರೀತೀನಿ. ಮುಖ ಈ ಕಡೆ ಮಾಡಿ, ನಿನಗೇ ಅಂತ. ನಿಮ್ಮಪ್ಪ ಹೆಂಗಿದ್ದ, ನೀನು ಹೇಳು."

ಆ ಮನೆಯ ಸೊಸೆ ಇನ್ನೊಂದು ತಿಂಗಳು ಇರು ಎಂದಿದ್ದಳು. ಕೆಲಸ ಮುಗಿದ ಮೇಲೆ ಗಂಗಕ್ಕ ಅವನ ಅಂಗಡಿಗೆ ಬರುವಳು. ಬಣ್ಣದ ಡಬ್ಬಿಗಳ ನಡುವೆ ಕೂತು ಅಪ್ಪನ ಚಹರೆ ಹೇಳುವಳು.

"ಹುಬ್ಬು ದಟ್ಟ. ಅಲ್ಲ, ಅಷ್ಟು ದಟ್ಟ ಅಲ್ಲ... ಮೂಗು ಉದ್ದ..."

ಅವನು ಇದ್ದಿಲಿನಲ್ಲಿ ಗೀಚುವನು, ಅವಳು ತಲೆಯಾಡಿಸುವಳು, ಅವನು ಅಳಿಸುವನು.

ದಿನ ಕಳೆದಂತೆ ಅವಳಿಗೊಂದು ಭಯ ಹೊಕ್ಕಿತು. ಅಪ್ಪನ ದನಿ ನೆನಪಿದೆ, ಕಂಬಳಿಯ ವಾಸನೆ ನೆನಪಿದೆ. ಮುಖ ಮಾತ್ರ, ಹಿಡಿಯಲು ಹೋದರೆ ನೀರಿನ ಮೇಲಿನ ನೆರಳಿನ ಹಾಗೆ ಒಡೆಯುತ್ತಿದೆ!

"ಎತ್ತಪ್ಪಾ... ನಾನು ಮರೀತಾ ಇದೀನಿ. ಹೆತ್ತ ಅಪ್ಪನ್ನ ಮರೀತಾ ಇದೀನಿ ನಾನು!"

"ಮುಖ ಬಿಡು. ಬೇರೆ ಏನಾದ್ರೂ ಹೇಳು."

ಆಗ ಅವಳು ಮರಿಗಳ ಕಿವಿ ಕೊಯ್ಯುವ ದಿನದ ಕತೆ ಹೇಳಿದಳು. ಅಪ್ಪ ಮರಿಯನ್ನು ಮೊಣಕಾಲ ನಡುವೆ ಹಿಡಿದು ಮನೆಯ ಗುರುತು ಹಾಕುವಾಗ ಅವಳು ಹಟ್ಟಿಯೆಲ್ಲ ಕೇಳುವ ಹಾಗೆ ಅಳುತ್ತಿದ್ದಳಂತೆ. ಅಪ್ಪ ಚೂರಿ ಕೆಳಗಿಟ್ಟು, ರಕ್ತ ಮೆತ್ತಿದ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಆತು ಆತು, ಇನ್ನು ಕೊಯ್ಯಲ್ಲ ಬಿಡವ್ವ" ಅನ್ನುತ್ತಿದ್ದನಂತೆ.

ಹೇಳುತ್ತಾ ಹೇಳುತ್ತಾ ಅವಳು ಎಲ್ಲೋ ಹೋಗಿಬಿಟ್ಟಳು. ಎತ್ತಪ್ಪನ ಕೈ ಹಲಗೆಯ ಮೇಲೆ ಓಡುತ್ತಲೇ ಇತ್ತು. ಅವನು ಬರೆಯುವುದಕ್ಕಿಂತ ಹೆಚ್ಚಾಗಿ ಅವಳನ್ನೇ ನೋಡುತ್ತಿದ್ದುದನ್ನು ಅವಳು ಗಮನಿಸಲಿಲ್ಲ.

ಚಿತ್ರ ಮುಗಿದ ದಿನ ಎತ್ತಪ್ಪ ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿಟ್ಟಿದ್ದ. 'ಇವತ್ತು ಹೇಳಿಬಿಡಬೇಕು' ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

"ಬಾ, ನೋಡು ಬಾ," ಎಂದು ಬಟ್ಟೆ ಸರಿಸಿದ.

ಕುರಿ ಮಂದೆಯಲ್ಲಿ ಬೆಳೆದವಳ ಕಣ್ಣು ಮೊದಲು ಹೋಗುವುದೆಲ್ಲಿಗೆ? ಕಿವಿಗೆ!

ಒಂದು ಕುರಿಗೂ ಗುರುತಿರಲಿಲ್ಲ. ಸೀಳಿಲ್ಲ, ಕತ್ತರಿಯಿಲ್ಲ. ಎಲ್ಲ ಕಿವಿಗಳೂ ಹುಟ್ಟಿದಂತೆಯೇ ಇಡಿ.

ಹಟ್ಟಿಯ ಕಡೆ ಕಿವಿ ಕೊಯ್ಯದ ಮಂದೆ ಎಂದರೆ ಗುರುತು ಹಾಕುವ ಮನೆಯೇ ಇಲ್ಲದ ಮಂದೆ. ದೀಪ ಆರಿದ ಮನೆಯದು. ಹಿಂದೆ ಯಾರೂ ಉಳಿಯದವರದು.

'ಹೌದಲ್ಲ... ಇದ್ದದ್ದನ್ನೇ ಬರೆದಿದಾನೆ. ಕಾಟಯ್ಯನ ಮನೆ ಮುಗೀತು. ನಾನು ಯಾವ ಲೆಕ್ಕಕ್ಕೂ ಇಲ್ಲ. ದಿಕ್ಕಿಲ್ಲದವಳು ಅಂತ ಕನಿಕರಪಟ್ಟು ಇಷ್ಟು ದಿನ ಕೂರಿಸಿಕೊಂಡ!'

"ಗಂಗಾ? ಯಾಕೆ... ಚೆನ್ನಾಗಿಲ್ವಾ?"

"ನೀನು ಇದನ್ನ ಬರೆದು ತೋರಿಸೋದು ಬೇಡಾಗಿತ್ತು ಎತ್ತಪ್ಪ. ನನಗೆ ಗೊತ್ತಿತ್ತು."

ಮುಖದ ಕಡೆ ಅವಳು ಕಣ್ಣೆತ್ತಲೂ ಇಲ್ಲ. ಸೆರಗು ಬಿಗಿದು ನಡೆದಳು. ಮರುದಿನವೇ ಧರ್ಮಪುರದ ಬಸ್ಸು ಹತ್ತಿದಳು.

ಹಟ್ಟಿಯಲ್ಲಿ ತಿಪ್ಪಕ್ಕ ಏನಾಯಿತೆಂದು ಕೇಳಿ ಕೇಳಿ ಸಾಕಾದಳು. "ಬಾಯಿ ಬಿಡೇ! ಊಟ ಬಿಟ್ಟು ಕುಂತ್ರೆ ನಿಮ್ಮಪ್ಪ ಎದ್ದು ಬರ್ತಾನಾ?" ಗಂಗಕ್ಕ ಕಡಲೆಕಾಯಿ ಬಿಡಿಸುತ್ತಾ ಇದ್ದಳು. ಖಾಲಿ ರೊಪ್ಪದಲ್ಲಿ ಹುಲ್ಲು ಬೆಳೆದಿತ್ತು. ಅದರ ಕಡೆಗೆ ಬೆನ್ನು ಹಾಕಿಯೇ ಅವಳು ದಿನ ದೂಡುತ್ತಿದ್ದಳು.

ಒಂದು ಮಧ್ಯಾಹ್ನ ಹಟ್ಟಿಯ ಮುಳ್ಳುಬೇಲಿಯ ಆಚೆ ಒಬ್ಬ ಬಂದು ನಿಂತ. ಚಪ್ಪಲಿ ಕಳಚಿ ಬದಿಗಿಟ್ಟಿದ್ದ. ಬೆನ್ನ ಮೇಲೆ ಗೋಣಿಯಲ್ಲಿ ಸುತ್ತಿದ ದೊಡ್ಡ ಹಲಗೆ. ಒಳಗೆ ಕಾಲಿಡಲಿಲ್ಲ, ಕೂಗಲೂ ಇಲ್ಲ. ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದ.

"ಯಾರಪ್ಪ ಅದು? ಬೇಲಿಗೆ ಗೂಟ ಹೊಡೆದಂಗೆ ನಿಂತಿದೀಯ! ಬಾರಪ್ಪ ಒಳಗೆ," ತಿಪ್ಪಕ್ಕ ಕೂಗಿದಳು.

"ಕರೆಯೋರು ಕರೆದ್ರೆ ಬರ್ತೀನಿ ಅವ್ವಾ."

ಆ ದನಿ! ಗಂಗಕ್ಕನ ಮಡಿಲಿನ ಕಡಲೆಕಾಯಿ ನೆಲಕ್ಕೆ ಚೆಲ್ಲಿತು. ಬೇಲಿಯ ತನಕ ಓಡಿದವಳು ಈಚೆಗೇ ನಿಂತಳು.

"ಯಾಕೆ ಬಂದೆ?"

"ನಾನು ಮಾಡಿದ ತಪ್ಪು ಏನು ಅಂತ ಕೇಳಾಕೆ. ನಿದ್ದೆ ಇಲ್ಲ ಗಂಗಾ ನನಗೆ."

"ಕಿವಿ!" ತಡೆದಿಟ್ಟದ್ದೆಲ್ಲ ಒಮ್ಮೆಗೇ ನುಗ್ಗಿತು. "ಒಂದು ಕುರಿಗೂ ಮನೆ ಗುರುತು ಹಾಕಿಲ್ಲ ನೀನು. ನಮ್ಮಲ್ಲಿ ಅದಕ್ಕೇನರ್ಥ ಗೊತ್ತಾ? ಆ ಮನೆ ನಿರ್ನಾಮ ಆತು ಅಂತ!"

ಎತ್ತಪ್ಪ ಹಲಗೆಯನ್ನು ಬೆನ್ನಿನಿಂದ ಇಳಿಸಿದ.

"ಅಯ್ಯೋ... ಇಲ್ಲ ಗಂಗಾ! ಮರಿ ಕಿವಿ ಕೊಯ್ಯೋವಾಗ ನೀನು ಅಳ್ತಿದ್ದೆ ಅಂದ್ಯಲ್ಲ. ಇನ್ನು ಕೊಯ್ಯಲ್ಲ ಬಿಡವ್ವ ಅಂತಿದ್ದ ನಿಮ್ಮಪ್ಪ ಅಂದ್ಯಲ್ಲ. ಈ ಚಿತ್ರದಾಗಾದ್ರೂ ನೀನು ಅಳೋದು ಬೇಡ ಅಂತ... ಕೊಯ್ಯಲಿಲ್ಲ ಕಣೇ, ಅಷ್ಟೇ."

ಗಂಗಕ್ಕ ಬೇಲಿಯ ಮುಳ್ಳನ್ನು ಪಕ್ಕಕ್ಕೆ ಸರಿಸಿದಳು. ಹಟ್ಟಿಯಲ್ಲಿ ಹುಟ್ಟಿದ ಯಾವ ಗಂಡಸೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಯಾವ ಗಂಡಸೂ ಅವಳ ಅಳುವನ್ನು ಇಷ್ಟು ನೆನಪಿಟ್ಟುಕೊಂಡಿರಲಿಲ್ಲ.

"ಬಾ ಒಳಗೆ," ಎಂದಳು.

ಗುಡಿಸಲ ಮುಂದೆ ಗೋಣಿ ಬಿಚ್ಚಿದರು. ತಿಪ್ಪಕ್ಕ ಕಣ್ಣ ಮೇಲೆ ಕೈಯಿಟ್ಟು ಬಗ್ಗಿದಳು. ಆಮೇಲೆ ನೆಲಕ್ಕೆ ಕುಕ್ಕರಿಸಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಿ ಹೋಗಿದ್ದೆಯೋ ಕಾಟಣ್ಣ! ಇಷ್ಟು ದಿನ ಎಲ್ಲಿ ಹೋಗಿದ್ದೆಯೋ! ಮಗಳು ಹೆಂಗಾಗವ್ಳೆ ನೋಡು ಬಾರೋ..."

ಗಂಗಕ್ಕ ಆಗ ಮುಖ ನೋಡಿದಳು. ರೊಪ್ಪದ ಬಾಗಿಲಲ್ಲಿ ಅಪ್ಪ ಈ ಕಡೆ ತಿರುಗಿ ನಿಂತಿದ್ದ. ಅವಳಿಗೆ ಗುರುತು ಹತ್ತಲಿಲ್ಲ! ಅತ್ತೆಗೆ ಸಿಕ್ಕ ಅಣ್ಣ ಅವಳಿಗೆ ಅಪ್ಪನಾಗಿ ಸಿಗಲಿಲ್ಲ. ಮರೆವು ಅಷ್ಟು ದೂರ ಬಂದುಬಿಟ್ಟಿತ್ತು.

ತಿಪ್ಪಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನೀರು ತರಲು ಒಳಗೆ ಹೋದಳು.

"ನೀನು ಕಂಡಿಲ್ಲ, ನಾನು ಸರಿಯಾಗಿ ಹೇಳಿಲ್ಲ," ಗಂಗಕ್ಕ ಪಿಸುಗುಟ್ಟಿದಳು. "ಅತ್ತೆ ಹೆಂಗೆ ಗುರುತು ಹಿಡಿದ್ಲು?"

ಎತ್ತಪ್ಪ ನೆಲ ನೋಡಿದ. "ನೀನು ಹೇಳಿದ ಹುಬ್ಬು, ಮೂಗು, ಒಂದೂ ನನ್ನ ಕೈಗೆ ಹತ್ತಲಿಲ್ಲ. ಅಪ್ಪನ ಮಾತು ಹೇಳೋವಾಗ ನಿನ್ನ ಮುಖ ಹೆಂಗಾಗ್ತಿತ್ತೋ, ಅದನ್ನೇ ಬರೆದೆ. ಬೇರೆ ಮುಖ ಬರೆಯಾಕೆ ಕೂತ್ರೂ ಅದೇ ಬರುತ್ತೆ ಗಂಗಾ... ಲಾರಿ ಹಿಂದೆ ನವಿಲು ಬರೆದ್ರೂ ಅದರ ಕಣ್ಣು ನಿಂದೇ ಆಗುತ್ತೆ. ನನ್ನ ಕೆಲಸ ಕೆಟ್ಟೋಗೈತೆ."

ಅವಳು ನಗಲು ಹೋದಳು, ಅಳು ಬಂತು. ಅಪ್ಪನ ಮುಖ ಹುಡುಕುತ್ತಾ ಊರೆಲ್ಲ ಅಲೆದವಳು ಅದನ್ನು ತಾನೇ ಹೊತ್ತುಕೊಂಡು ತಿರುಗಿದ್ದಳು.

"ಇನ್ನು ನಾನು ನೋಡಾಕಾಗದ ಅಪ್ಪನ್ನ ನೀನು ನೋಡ್ತಾ ಇರ್ತೀಯ ಅಂತಾತು."

"ದಿನಾ ನೋಡ್ತೀನಿ, ನೀನು ಬಿಟ್ರೆ. ಅತ್ತೇನ ಕೇಳ್ಲಾ?"

ಗಂಗಕ್ಕ ಚಿತ್ರವನ್ನು ಗೋಡೆಗೆ ಆನಿಸಿ, ಅದರ ಮುಂದೆ ಚಾಪೆ ಹಾಸಿ ಕೂತಳು. ಬಿಸಿಲು ಇಳಿಯತೊಡಗಿತ್ತು. ಎಲ್ಲೋ ಬೇರೆಯವರ ಮಂದೆಯ ಗಂಟೆ ಕೇಳುತ್ತಿತ್ತು.

"ಒಬ್ಬಳೇ ನೋಡಾಕೆ ಆಗಲ್ಲ ಎತ್ತಪ್ಪ ಇದನ್ನ."

"ನಾನೆಲ್ಲಿ ಕುಂತ್ಕಳ್ಲಿ?"

ಅವಳು ಸ್ವಲ್ಪ ಸರಿದು ಜಾಗ ಮಾಡಿದಳು.

"ಇಲ್ಲೇ."